ಚಳಿಗಾಲದ ಮುಂಜಾವೂ ನಮ್ಮ ಮೋಟಾರುಗಾಡಿಯೂ

ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಹಿರಿಯ ವಿದ್ಯಾರ್ಥಿನಿಯರು ಕೇಳಿದಾಗ, ಮುಖ್ಯೋಪಾಧ್ಯಾಯಿನಿಯಾದ ನಾನು ವಿದ್ಯೆಯ ಮಹತ್ವವನ್ನೋ ಶಿಸ್ತಿನ ಪ್ರಯೋಜನವನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಆ ವಿಷಯಗಳನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಇಷ್ಟು ವರ್ಷ ಹೇಳುತ್ತಲೇ ಬಂದಿದ್ದೇನೆ. ಕೇಳಿ ದಣಿದವರನ್ನು ಮತ್ತೆ ದಣಿಸುವುದು ನ್ಯಾಯವಲ್ಲ. ಆದುದರಿಂದ ಈ ಸಾರಿ, ಚಳಿಗಾಲದಲ್ಲಿ ಮೋಟಾರುಗಾಡಿಯನ್ನು ನೋಡಿಕೊಳ್ಳುವ ಬಗೆಯನ್ನು ಕುರಿತು ಬರೆಯಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇನೆ.

ಕಲಬುರಗಿಯಲ್ಲಿ ಚಳಿಯೇ ಎಂದು ನೀವು ನಗಬಹುದು. ಏಪ್ರಿಲ್ ಮೇ ತಿಂಗಳುಗಳಲ್ಲಿ 42 ಡಿಗ್ರಿಯನ್ನು ದಾಟುವ ಬಿಸಿಲು ನಮ್ಮದು. ಅಂಗಳದ ಶಹಾಬಾದಿ ಫರ್ಸಿಯ ಮೇಲೆ ಮಧ್ಯಾಹ್ನ ಬರಿಗಾಲಿಟ್ಟವರಿಗೆ ಅದರ ಪರಿಚಯ ಸಾಕಷ್ಟು ಇರುವುದು. ಆದರೆ ಡಿಸೆಂಬರು ಜನವರಿಯ ಕೆಲವು ಮುಂಜಾವುಗಳಲ್ಲಿ ಇದೇ ಊರಿನ ಪಾರಾ 10, 12 ಡಿಗ್ರಿಗೆ ಇಳಿಯುವುದೂ ಉಂಟು. ನಾನೂ ನಿಮ್ಮಂತೆಯೇ ಈ ಚಳಿಯನ್ನು ಲಘುವಾಗಿ ಎಣಿಸಿದ್ದೆನು. ಒಂದು ಮುಂಜಾವು ಆ ಎಣಿಕೆಯನ್ನು ತಿದ್ದಿತು.

ಕೆಲವು ವರ್ಷಗಳ ಹಿಂದಿನ ಮಾತು. ಕಮಲಾಪುರದ ಸಮೀಪದ ಒಂದು ಹಳ್ಳಿಯ ಹುಡುಗಿ ನಮ್ಮ ವಸತಿಗೃಹದಲ್ಲಿದ್ದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಅಜ್ಜಿಗೆ ಆರಾಮವಿಲ್ಲವೆಂದು ಹೇಳಿ ಡಿಸೆಂಬರು ತಿಂಗಳ ಒಂದು ಶನಿವಾರ ಅವಳ ತಂದೆ ಬಂದು ಕರೆದುಕೊಂಡು ಹೋದರು. ಮಂಗಳವಾರ ರಾತ್ರಿ ಊಟವಾದ ಮೇಲೆ ಅವಳ ಗೆಳತಿಯೊಬ್ಬಳು ನನ್ನ ಬಾಗಿಲಿಗೆ ಬಂದು, ಅಜ್ಜಿ ಆರಾಮವಾಗಿಯೇ ಇರುವಳೆಂದೂ, ಮರುದಿನ ಬೆಳಿಗ್ಗೆ 8 ಗಂಟೆಗೆ ಆ ಹುಡುಗಿಯ ನಿಶ್ಚಯವಾಗಲಿರುವುದೆಂದೂ ಅಳುತ್ತ ಹೇಳಿದಳು. ಹುಡುಗಿಗೆ ಆಗಿನ್ನೂ 15 ತುಂಬಿರಲಿಲ್ಲ. ಹೆಣ್ಣಿಗೆ 18 ವರ್ಷ ತುಂಬುವ ಮುನ್ನ ಮದುವೆ ಮಾಡಕೂಡದೆಂಬ 2006ರ ಕಾಯಿದೆಯನ್ನು ಅರಿತವಳಾದ್ದರಿಂದ, ಆ ರಾತ್ರಿಯೇ 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೆ ತಿಳಿಸಿದೆನು. ಆದರೂ ಅಧಿಕಾರಿಗಳು ಬರುವ ಮೊದಲು ನಾನೇ ಹೋಗಿ ಮಾತನಾಡಿದರೆ ಆ ತಂದೆ ಕೇಳಿಯಾರೆಂಬ ನಂಬಿಕೆ ನನಗಿತ್ತು. ಒಳ್ಳೆಯ ಮನುಷ್ಯರು ಅವರು. ಕಮಲಾಪುರ ಇಲ್ಲಿಂದ ಹುಮನಾಬಾದ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರು. ಐದಕ್ಕೆ ಹೊರಟರೆ ಆರೂವರೆಯೊಳಗೆ ಹಳ್ಳಿಯನ್ನೇ ಮುಟ್ಟಬಹುದೆಂದು ಲೆಕ್ಕ ಹಾಕಿ ಮಲಗಿದೆನು.

ಮುಂಜಾನೆ ಐದಕ್ಕೆ ಬೇವಿನ ಮರದ ಕೆಳಗೆ ನಿಂತಿದ್ದ ಗಾಡಿಯೊಳಗೆ ಕುಳಿತು ಕೀಲಿಯನ್ನು ತಿರುಗಿಸಿದರೆ, ಮುದುಕರು ಕೆಮ್ಮಿದಂತೆ ಎರಡು ಸಲ ಸದ್ದಾಯಿತು. ಮೂರನೆಯ ಸಲ ಟಕ್ ಎಂದು ಸುಮ್ಮನಾಯಿತು. ಗಾಬರಿಯಲ್ಲಿ ನಾನು ಕೀಲಿಯನ್ನು ತಿರುಗಿಸುತ್ತಲೇ ಹೋದೆನು. ಇದು ನಾನು ಮಾಡಿದ ಮೊದಲನೆಯ ತಪ್ಪು. ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕೆಂದು ನನಗೆ ಆಗ ತಿಳಿದಿರಲಿಲ್ಲ. ಉಳಿದಿದ್ದ ಅಲ್ಪ ಶಕ್ತಿಯೂ ಹೀಗೆ ವ್ಯರ್ಥವಾಯಿತು. ಕಾವಲುಗಾರನೂ ಅಡುಗೆಯವಳೂ ನೂಕಿದರು. ಸದ್ದಿಗೆ ಎಚ್ಚತ್ತ ವಸತಿಗೃಹದ ಹುಡುಗಿಯರು ಶಾಲು ಹೊದ್ದುಕೊಂಡೇ ಬಂದು ಗೇಟಿನವರೆಗೂ ನೂಕಿದರು. ಗಾಡಿ ಉರುಳಿತು, ಎಂಜಿನು ಮಾತ್ರ ಹೊತ್ತಿಕೊಳ್ಳಲಿಲ್ಲ. ಈಗಿನ ಗಾಡಿಗಳಲ್ಲಿ ಪೆಟ್ರೋಲನ್ನು ಎಂಜಿನಿಗೆ ಉಣಿಸುವುದೂ ವಿದ್ಯುತ್ತಿನ ಕೆಲಸವೇ ಆಗಿರುವುದರಿಂದ, ಬ್ಯಾಟರಿ ಪೂರ್ತಿ ಬರಿದಾದರೆ ಎಷ್ಟು ನೂಕಿದರೂ ಫಲವಿಲ್ಲ. ಕೊನೆಗೆ ಹಾಲು ತರುವ ಟೆಂಪೋ ಬರುವವರೆಗೆ ಕಾಯಬೇಕಾಯಿತು. ಅದರ ಚಾಲಕನು ಎಲ್ಲಿಂದಲೋ ದಪ್ಪ ತಂತಿಗಳನ್ನು ಹುಡುಕಿ ತಂದು, ತನ್ನ ಬ್ಯಾಟರಿಯ ಬಲದಿಂದ ನಮ್ಮ ಗಾಡಿಯನ್ನು ಹೊರಡಿಸುವಷ್ಟರಲ್ಲಿ ಎಂಟು ಹೊಡೆಯುತ್ತಿತ್ತು.

ದಾರಿಯ ಎರಡೂ ಕಡೆ ತೊಗರಿಯು ಬಲಿತು ನಿಂತಿತ್ತು. ಬಿಳಿಜೋಳದ ಹೊಲಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅದಾವುದನ್ನೂ ನೋಡುವ ಮನಸ್ಸು ನನಗಿರಲಿಲ್ಲ. ಹಳ್ಳಿಯನ್ನು ಮುಟ್ಟಿದಾಗ ಒಂಬತ್ತೂವರೆ. ಬೀಗರು ಉಪ್ಪಿಟ್ಟು ತಿಂದು ಕೈತೊಳೆಯುತ್ತಿದ್ದರು. ಸಕ್ಕರೆ ಹಂಚಿ ಮುಗಿದಿತ್ತು. ಹುಡುಗಿ ಹೊಸ ಸೀರೆಯುಟ್ಟು, ಮುಡಿಯ ತುಂಬ ಹೂವಿಟ್ಟುಕೊಂಡು ಒಳಬಾಗಿಲಿನಲ್ಲಿ ನಿಂತಿದ್ದಳು. ನನ್ನನ್ನು ಕಂಡು ತಲೆ ತಗ್ಗಿಸಿದಳು. ತಂದೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಎರಡು ತಾಸು ಮೊದಲ ಬಂದಿದ್ರ ಅವರ ಮುಂದ ಏನಾರ ಹೇಳತಿದ್ದೆ ಅಕ್ಕೋರೆ. ಈಗ ಮಾತು ಕೊಟ್ಟುಬಿಟ್ಟೀನ್ರಿ.”

ಆ ಮಾತನ್ನು ಹಿಂದಕ್ಕೆ ಪಡೆಯಲು ಮೂರು ತಿಂಗಳು ಹಿಡಿಯಿತು. ಅಧಿಕಾರಿಗಳು ಬಂದರು, ನಾನು ಮತ್ತೆರಡು ಸಾರಿ ಹೋದೆನು. ಎಲ್ಲಕ್ಕಿಂತ ಹೆಚ್ಚಾಗಿ ಹುಡುಗಿಯ ತಾಯಿ ಗಟ್ಟಿಯಾಗಿ ನಿಂತಳು. ಮದುವೆ ನಿಂತಿತು. ಆದರೆ ಅಷ್ಟರಲ್ಲಿ ವಾರ್ಷಿಕ ಪರೀಕ್ಷೆ ಬಂದಿದ್ದಿತು; ಹುಡುಗಿಗೆ ಒಂದು ವರ್ಷ ಹೋಯಿತು.

ಗಾಡಿಯ ಮಾತಿಗೆ ಬರೋಣ. ಅದೇ ದಿನ ಸಂಜೆ ನಮ್ಮ ಮಿಸ್ತ್ರಿ ಬಂದು ಬ್ಯಾಟರಿಯನ್ನು ಪರೀಕ್ಷಿಸಿದನು. ಹಾಳು ಚಳಿಯಿಂದ ಹೀಗಾಯಿತೆಂದು ನಾನು ದೂರಿದೆನು. ಅವನು ತಲೆಯಲ್ಲಾಡಿಸಿ, “ಚಳೀಗಿ ಸತ್ತಿಲ್ಲರಿ ಅಕ್ಕೋರೆ, ಬ್ಯಾಸಿಗ್ಯಾಗೇ ಸತ್ತದರಿ. ಈಗ ಗೊತ್ತಾಗ್ಯಾದ, ಅಷ್ಟೇ” ಎಂದನು.

ವಿಜ್ಞಾನದ ಪಾಠ ಹೇಳಿದವಳಾದರೂ ನನಗೆ ಇದು ಹೊಸದಾಗಿ ಕಂಡಿತು. ಓದಿ ನೋಡಿದರೆ ಅವನ ಮಾತೇ ನಿಜ. ಬ್ಯಾಟರಿಯೊಳಗೆ ಸೀಸದ ಫಲಕಗಳೂ ಗಂಧಕಾಮ್ಲ ಬೆರೆತ ನೀರೂ ಇರುವುವು. ಬಿಸಿಲು ಏರಿದಂತೆ ಒಳಗಿನ ನೀರು ಆರುವುದು, ಫಲಕಗಳ ಸವೆತ ತೀವ್ರವಾಗುವುದು. ಆದರೆ ಬೇಸಿಗೆಯಲ್ಲಿ ರಾಸಾಯನಿಕ ಕ್ರಿಯೆ ಚುರುಕಾಗಿರುವುದರಿಂದಲೂ, ಎಂಜಿನಿನ ಎಣ್ಣೆ ತೆಳುವಾಗಿರುವುದರಿಂದಲೂ, ಸವೆದ ಬ್ಯಾಟರಿಯೂ ಹೇಗೋ ಗಾಡಿಯನ್ನು ಹೊರಡಿಸಿಬಿಡುವುದು. ಚಳಿಯಲ್ಲಿ ಇದಕ್ಕೆ ವಿರುದ್ಧವಾಗಿ ಬ್ಯಾಟರಿಯ ಶಕ್ತಿ ಕುಗ್ಗುವುದು, ಎಣ್ಣೆ ಗಟ್ಟಿಯಾಗಿ ಎಂಜಿನು ಹೆಚ್ಚು ಶಕ್ತಿಯನ್ನು ಬೇಡುವುದು. ಹೀಗೆ ಬೇಸಿಗೆಯಲ್ಲಿ ಆದ ಗಾಯ ಚಳಿಯಲ್ಲಿ ಬಯಲಿಗೆ ಬೀಳುವುದು. ಅದಕ್ಕೂ ಮುಂಚೆ ಗಾಡಿ ನನಗೆ ತಿಳಿಸದೆ ಇರಲಿಲ್ಲ. ತಿಂಗಳಿನಿಂದ ಹಾರನ್ನಿನ ದನಿ ಕುಗ್ಗಿತ್ತು. ಕೀಲಿ ತಿರುಗಿಸುವಾಗ ದೀಪಗಳು ಮಂಕಾಗುತ್ತಿದ್ದುವು. ನಾನು ನೋಡಿದ್ದೆನು, ಗಮನಿಸಿರಲಿಲ್ಲ.

ನಿಜವಾದ ಚಳಿಯ ದೇಶದವರು ಹೇಗೆ ನಿಭಾಯಿಸುವರೆಂಬ ಕುತೂಹಲದಿಂದ, ಕೆನಡಾ ದೇಶದ ವಿನ್ನಿಪೆಗ್ ನಗರದಲ್ಲಿ ನರ್ಸಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಗೆ ಕಾಗದ ಬರೆದೆನು. ಅಲ್ಲಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಇಳಿಯುವ ದಿನಗಳೂ ಉಂಟು. ಎಂಜಿನಿಗೇ ಒಂದು ಸಣ್ಣ ವಿದ್ಯುತ್ ಒಲೆಯನ್ನು ಜೋಡಿಸಿರುವರಂತೆ. ರಾತ್ರಿ ಗಾಡಿಯನ್ನು ನಿಲ್ಲಿಸಿ, ಮೊಬೈಲನ್ನು ಚಾರ್ಜಿಗೆ ಹಾಕುವಂತೆ ಅದರ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದು. ರೇಡಿಯೇಟರಿನಲ್ಲಿ ಬರಿಯ ನೀರಿದ್ದರೆ ಅದು ಮಂಜುಗಡ್ಡೆಯಾಗಿ ಸುಮಾರು ಹತ್ತನೆಯ ಒಂದು ಪಾಲು ಹಿಗ್ಗಿ ಎಂಜಿನನ್ನೇ ಸೀಳಬಲ್ಲುದು. ಆದುದರಿಂದ ಕೂಲೆಂಟನ್ನು ಬೆರೆಸದೆ ಯಾರೂ ಇರರು. ಬರಿದಾದ ಬ್ಯಾಟರಿಯಂತೂ ಒಳಗೇ ಹೆಪ್ಪುಗಟ್ಟುವುದಂತೆ. ನಮ್ಮ ದೇಶದ ಲಡಾಖಿನಲ್ಲಿಯೂ ಡೀಸೆಲು ಮೇಣದಂತೆ ಗಟ್ಟಿಯಾಗುತ್ತಿದ್ದುದರಿಂದ, 2019ರಲ್ಲಿ ಚಳಿಗೆಂದೇ ಬೇರೆ ಬಗೆಯ ಡೀಸೆಲನ್ನು ಅಲ್ಲಿಗೆ ಒದಗಿಸಲಾಯಿತು. ಕಾಗದದ ಕೊನೆಗೆ ಆಕೆ ಬರೆದಿದ್ದಳು: “ಅಕ್ಕೋರೆ, ಇಲ್ಲಿ ನಾವು ಚಳಿಗೆ ಅಂಜುತ್ತೇವೆ, ಅದಕ್ಕೇ ಬಹುಮಟ್ಟಿಗೆ ತೊಂದರೆಗೆ ಸಿಕ್ಕುವುದಿಲ್ಲ.”

ನಮಗೆ ಆ ಒಲೆ ಬೇಡ, ಆ ಡೀಸೆಲೂ ಬೇಡ. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ತಾವೇ ಗಾಡಿ ನಡೆಸುವವರಾದುದರಿಂದ, ನಾನು ಕಲಿತ ಕೆಲವು ಮಾತುಗಳನ್ನು ಇಲ್ಲಿ ಹೇಳುತ್ತೇನೆ. ದೀಪಾವಳಿಗೆ ಮುಂಚೆ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿರಿ. ಮೂರು ಬೇಸಿಗೆಗಳನ್ನು ಕಂಡ ಬ್ಯಾಟರಿಯ ಮೇಲೆ ಹೆಚ್ಚು ಭರವಸೆ ಬೇಡ. ಅದರ ತುದಿಗಳ ಮೇಲೆ ಬೂಷ್ಟಿನಂತೆ ಬಿಳಿ ಹಸಿರು ಕೂತಿದ್ದರೆ, ಮೊದಲು ಕಪ್ಪು ತಂತಿಯನ್ನೂ ಆಮೇಲೆ ಕೆಂಪು ತಂತಿಯನ್ನೂ ಬಿಚ್ಚಿ, ಅಡುಗೆ ಸೋಡಾ ಕದಡಿದ ಬೆಚ್ಚನೆಯ ನೀರಿನಿಂದ ಉಜ್ಜಿ, ಒರೆಸಿ, ವ್ಯಾಸಲೀನನ್ನು ಸವರಿರಿ; ಮತ್ತೆ ಕಟ್ಟುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಬಳಿಯಲ್ಲಿ ಬೆಂಕಿ ಬೇಡ. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಹೊರಡುವುದುಂಟು. ರೇಡಿಯೇಟರಿಗೆ ಬೋರಿನ ನೀರನ್ನು ಸುರಿಯಬೇಡಿರಿ. ನಮ್ಮ ಕಡೆಯ ಗಡಸು ನೀರು ಪಾತ್ರೆಯ ತಳದಲ್ಲಿ ಬಿಡುವ ಹಿಟ್ಟನ್ನೇ ಅದರೊಳಗೂ ಬಿಡುವುದು. ಕೂಲೆಂಟು ಚಳಿಗೆ ಮಾತ್ರವಲ್ಲ, ಕುದಿಯುವ ಬಿಂದುವನ್ನು ಏರಿಸುವುದರಿಂದ ನಮ್ಮ ಬೇಸಿಗೆಗೂ ಅದೇ ಲೇಸು. ಗಾಲಿಯ ಗಾಳಿಯ ಒತ್ತಡವೂ ಚಳಿಗೆ ಇಳಿಯುವುದು. ಮುಂಜಾನೆ ಗಾಡಿ ಓಡುವ ಮುನ್ನವೇ ಅದನ್ನು ನೋಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನನ್ನು ಓಡಬಿಟ್ಟು ಕಾಯಿಸುವುದು ಪ್ರಾಣಕ್ಕೇ ಅಪಾಯ. ಆ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷವಿರುವುದು.

ಗಾಡಿಯ ಗಾಜನ್ನು ಒರೆಸುವ ವೈಪರನ್ನೂ ಆಗಾಗ ನೋಡಿಕೊಳ್ಳಿರಿ. ಅದನ್ನು ನೋಡಿದಾಗ ಮೇರಿ ಆ್ಯಂಡರ್ಸನ್ ಎಂಬ ಹೆಂಗಸನ್ನು ನೆನೆಯಿರಿ. ಅಮೆರಿಕದ ಅಲಬಾಮದಲ್ಲಿದ್ದ ಆಕೆ ಒಂದು ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮಮಳೆ ಕವಿದ ಗಾಜಿನ ಹಿಂದೆ ದಾರಿ ಕಾಣದೆ ಟ್ರಾಮಿನ ಚಾಲಕನು ಪಡುತ್ತಿದ್ದ ಪಾಡನ್ನು ಕಂಡಳು. ಎಲ್ಲರೂ ಕಂಡರು, ಆಕೆ ಗಮನಿಸಿದಳು. ಒಳಗಿನಿಂದಲೇ ಹಿಡಿಕೆಯನ್ನು ತಿರುಗಿಸಿ ಗಾಜನ್ನು ಒರೆಸುವ ಸಾಧನವನ್ನು ಮಾಡಿ 1903ರಲ್ಲಿ ಪೇಟೆಂಟು ಪಡೆದಳು.

ಆಕೆಯ ಹೆಸರನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಆ ಕಮಲಾಪುರದ ಕಡೆಯ ಹುಡುಗಿಯೇ ನೆನಪಾಗುವಳು. ಮದುವೆಯ ಮಾತು ಮುರಿದ ಮೇಲೆ ಅವಳ ತಾಯಿ ನನ್ನೊಡನೆ ಕುಳಿತು ಎಲ್ಲವನ್ನೂ ಹೇಳಿದಳು. ಕಮಲಾಪುರದ ಕೆಂಪು ಬಾಳೆಯ ಹೆಸರನ್ನು ನೀವೆಲ್ಲರೂ ಕೇಳಿರುವಿರಿ. ಅವರದೂ ಸಣ್ಣದೊಂದು ಬಾಳೆಯ ತೋಟ. ಆ ವರ್ಷ ಏಪ್ರಿಲಿನಲ್ಲಿ ಬಾವಿ ಬತ್ತಿ ತೋಟ ಒಣಗಿತು, ಸಾಲವಾಯಿತು. ಮೇ ತಿಂಗಳಲ್ಲಿಯೇ ಮದುವೆಯ ಮಾತು ಹುಟ್ಟಿದ್ದಿತು. ಜೂನಿನಲ್ಲಿ ಶಾಲೆಗೆ ಮರಳಿದ ಹುಡುಗಿ ಮುಂದಿನ ಬೆಂಚನ್ನು ಬಿಟ್ಟು ಕೊನೆಯ ಬೆಂಚಿಗೆ ಹೋಗಿ ಕುಳಿತಳು. ಪ್ರಶ್ನೆ ಕೇಳಿದರೆ ದನಿ ಏಳುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಅಂಕಗಳು ಇಳಿದುವು. ಆಗ ಅವಳ ಪ್ರಗತಿಪತ್ರದಲ್ಲಿ “ಗಮನ ಸಾಲದು” ಎಂದು ನಾನೇ ನನ್ನ ಕೈಯಾರೆ ಬರೆದು ಸಹಿ ಮಾಡಿದ್ದೆನು. ಆ ಎರಡು ಮಾತುಗಳು ಯಾರಿಗೆ ಸಲ್ಲಬೇಕಾಗಿದ್ದುವೆಂಬುದನ್ನು ನಾನು ಹೇಳಬೇಕಾಗಿಲ್ಲ. ಆ ಮುಂಜಾವು ಬ್ಯಾಟರಿ ಸರಿಯಾಗಿದ್ದಿದ್ದರೂ ನಾನು ಉಳಿಸಿಕೊಳ್ಳುತ್ತಿದ್ದುದು ಎರಡು ತಾಸು ಮಾತ್ರ. ಆರು ತಿಂಗಳನ್ನು ನಾನು ಆಗಲೇ ಕಳೆದುಕೊಂಡಿದ್ದೆನು.

ಅಂದಿನಿಂದ ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಜೂನಿನ ಮೊದಲ ಎರಡು ವಾರಗಳಲ್ಲಿ ಪ್ರತಿಯೊಬ್ಬ ಅಧ್ಯಾಪಕಿಯೂ ತನ್ನ ತರಗತಿಯ ಒಬ್ಬೊಬ್ಬ ಹುಡುಗಿಯೊಡನೆಯೂ ಹತ್ತು ನಿಮಿಷ ಒಬ್ಬಂಟಿಯಾಗಿ ಕುಳಿತು, ಬೇಸಿಗೆ ಹೇಗೆ ಕಳೆಯಿತೆಂದು ಕೇಳುವಳು. ಬಹುಮಂದಿ ಮದುವೆಮನೆಯ ಊಟವನ್ನೂ ಮಾವಿನಹಣ್ಣನ್ನೂ ಕುರಿತು ಹೇಳುವರು. ಒಬ್ಬಿಬ್ಬರು ಸುಮ್ಮನಿರುವರು, ಅವರೊಡನೆ ಮತ್ತೆ ಕುಳಿತುಕೊಳ್ಳುವೆವು. ತಂದೆತಾಯಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆ: ಮಗಳನ್ನು ಬಿಡಲು ಬಂದಾಗ ಶುಲ್ಕದ ಮಾತು ಮುಗಿದ ಕೂಡಲೆ ಎದ್ದು ಹೋಗಬೇಡಿರಿ. ಮನೆಯಲ್ಲಿ ಏನಾದರೂ ಕಷ್ಟವಾಗಿದ್ದರೆ ಆಗಲೇ ನಮಗೆ ಹೇಳಿರಿ. ಜೂನಿನಲ್ಲಿ ತಿಳಿದ ಕಷ್ಟಕ್ಕೆ ದಾರಿ ಹುಡುಕಬಹುದು.

ಆ ಹುಡುಗಿ ಒಂದು ವರ್ಷ ತಡವಾಗಿಯಾದರೂ ಹತ್ತನೆಯ ತರಗತಿಯನ್ನು ಮುಗಿಸಿ, ಈಗ ನಗರದ ಕಾಲೇಜಿನಲ್ಲಿ ಓದುತ್ತಿರುವಳು. ಕಳೆದ ಚಳಿಗಾಲದಲ್ಲಿ ಅವಳ ತಂದೆ ಒಂದು ಗೊನೆ ಕೆಂಪು ಬಾಳೆಯನ್ನು ಹೊತ್ತು ತಂದು ವಸತಿಗೃಹದ ಮಕ್ಕಳಿಗೆಲ್ಲ ಹಂಚಿದರು, ಹೋಗುವಾಗ ಬೇವಿನ ಮರದ ಕೆಳಗಿನ ಗಾಡಿಯನ್ನು ನೋಡಿ, “ಈಗ ಛಲೋ ಶುರು ಆಗತದೇನ್ರಿ ಅಕ್ಕೋರೆ?” ಎಂದು ಕೇಳಿದರು. ಆಗುವುದು. ಹೊಸ ಬ್ಯಾಟರಿಯ ಮೇಲೆ ಅದನ್ನು ಹಾಕಿಸಿದ ತಾರೀಖನ್ನು ಬರೆದು ಅಂಟಿಸಿದ್ದೇನೆ. ಪ್ರತಿ ಬೇಸಿಗೆ ಕಳೆದ ಮೇಲೆ ಅದನ್ನು ತೆರೆದು ನೋಡುತ್ತೇನೆ.