ಕುಕ್ಕುಟ ಸೌಂದರ್ಯ ಮೀಮಾಂಸೆ

ಕೋಳಿಯನ್ನು ಮೊಟ್ಟೆಗೆಂದೋ ಮಾಂಸಕ್ಕೆಂದೋ ಸಾಕುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಅದರ ಜುಟ್ಟಿಗೆ ಮೊನೆಗಳೆಷ್ಟಿರಬೇಕು, ಬಾಲವು ಬೆನ್ನಿನಿಂದ ಎಷ್ಟು ಓರೆಯಾಗಿ ಏಳಬೇಕು, ಕಾಲು ಹಳದಿಯಾಗಿರಬೇಕೋ ಬೂದಿಬಣ್ಣದ್ದೋ ಎಂಬ ಪ್ರಶ್ನೆಗಳನ್ನು ತಾರ್ಕಿಕರ ಗಾಂಭೀರ್ಯದಿಂದ ಚರ್ಚಿಸಿ, ಗೆದ್ದ ಹಕ್ಕಿಗೆ ಪಾರಿತೋಷಕವನ್ನು ಕೊಡುವ ಸಂಪ್ರದಾಯವನ್ನು ಬೆಳೆಸಿದ ಕೀರ್ತಿ ವಿಕ್ಟೋರಿಯಾ ರಾಣಿಯ ಕಾಲದ ಆಂಗ್ಲರಿಗೆ ಸಲ್ಲಬೇಕು. 1835ರ ಶಾಸನವು ಕೋಳಿ ಕಾಳಗವನ್ನು ನಿಷೇಧಿಸಿದ ಮೇಲೆ, ಹುಂಜಗಳ ಪೈಪೋಟಿ ಕಾದಾಟದಿಂದ ರೂಪದ ಕಡೆಗೆ ತಿರುಗಿತು. 1845ರಲ್ಲಿ ಲಂಡನ್ನಿನ ಮೃಗೋದ್ಯಾನದಲ್ಲಿ ಕೋಳಿಗಳ ಪ್ರದರ್ಶನ ಏರ್ಪಟ್ಟಿತು. 1865ರಲ್ಲಿ, ಡಾರ್ವಿನ್ನನಿಗೆ ಕೋಳಿ ಪಾರಿವಾಳಗಳ ವಿಷಯದಲ್ಲಿ ನೆರವಾಗುತ್ತಿದ್ದ ಟೆಗೆಟ್‌ಮೈಯರನು ಸಂಪಾದಿಸಿದ ಲಕ್ಷಣಗ್ರಂಥವೂ ಹೊರಬಿದ್ದು, ಕುಕ್ಕುಟ ಸೌಂದರ್ಯಕ್ಕೆ ಒಂದು ಶಾಸ್ತ್ರವೇ ದೊರೆತಂತಾಯಿತು.

ಈ ವ್ಯಸನಕ್ಕೆ ಹೊಸದಾಗಿ ಕಾಲಿಡುವವನು ಹಕ್ಕಿಯನ್ನು ಕೊಳ್ಳುವುದಕ್ಕೆ ಮುನ್ನ ಆ ಶಾಸ್ತ್ರವನ್ನು ಓದಿ, ಪ್ರದರ್ಶನಗಳಲ್ಲಿ ತೀರ್ಪುಗಾರರ ಹಿಂದೆ ಅಲೆದು, ಕಣ್ಣನ್ನು ಪಳಗಿಸಿಕೊಳ್ಳುವುದು ಯುಕ್ತ. ಅನಂತರ ಒಂದೇ ತಳಿ, ಅದರಲ್ಲಿಯೂ ಒಂದೇ ಬಣ್ಣ. ಒಂದು ಹುಂಜ, ಎರಡು ಹೇಂಟೆ. ಇವನ್ನು ಅನೇಕ ವರ್ಷಗಳಿಂದ ಒಂದೇ ವಂಶವನ್ನು ಕಾಪಾಡಿಕೊಂಡು ಬಂದವನಲ್ಲಿ ಕೊಳ್ಳಬೇಕೇ ಹೊರತು, ಬಹುಮಾನದ ಪಟ್ಟಿಯನ್ನು ನೋಡಿ ಅಲ್ಲ. ಏಕೆಂದರೆ ಹಕ್ಕಿಯ ರೂಪ ಬೇರೆ, ಅದು ಸಂತಾನಕ್ಕೆ ಕೊಡುವ ಆಸ್ತಿ ಬೇರೆ. ಉದಾಹರಣೆಗೆ, ಆಂಡಲೂಸಿಯನ್ ತಳಿಯ ನೀಲಿ ಜೋಡಿಯ ಮರಿಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ನೀಲಿ. ಉಳಿದವುಗಳಲ್ಲಿ ಅರ್ಧ ಕಪ್ಪು, ಅರ್ಧ ಚುಕ್ಕೆ ಬೆರೆತ ಬಿಳಿ. ಆದರೆ ಪಂಕ್ತಿಬಾಹಿರವಾದ ಆ ಕಪ್ಪನ್ನೂ ಬಿಳಿಯನ್ನೂ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲವೂ ನೀಲಿ! ಇದನ್ನರಿಯದವನು ಮಾರಿದವನನ್ನು ಮೋಸಗಾರನೆಂದು ಶಪಿಸುತ್ತಾನೆ. ಅರಿತವನು ಆನುವಂಶಿಕತೆಯ ನಿಯಮಗಳನ್ನು ಕಂಡುಹಿಡಿದ ಮೆಂಡಲನನ್ನು ನೆನೆದು ಸುಮ್ಮನಾಗುತ್ತಾನೆ.

ಕಾವು ಕೂರಿಸಿದ ಇಪ್ಪತ್ತೊಂದನೆಯ ದಿನ ಮರಿಗಳು ಹೊರಬರುತ್ತವೆ. ಕಷ್ಟವೂ ಆಗಲೇ ಆರಂಭವಾಗುತ್ತದೆ. ತುಪ್ಪುಳದ ಮರಿಗಳು ಎಲ್ಲವೂ ಸುಂದರ. ಗರಿ ಬಲಿತು ಬಣ್ಣ ನಿಂತ ಮೇಲಲ್ಲದೆ ಗುಣದೋಷಗಳು ಸ್ಪಷ್ಟವಾಗವು. ಒಂದಕ್ಕೆ ಜುಟ್ಟಿನ ಪಕ್ಕದಲ್ಲಿ ಅನಧಿಕೃತವಾದೊಂದು ಮೊಳಕೆ, ಇನ್ನೊಂದಕ್ಕೆ ಒಂದು ಮಗ್ಗುಲಿಗೆ ವಾಲಿದ ಬಾಲ. ಇಂಥವನ್ನು ಮುದ್ದಿಗೆಂದು ಉಳಿಸಿಕೊಂಡು ವಂಶಕ್ಕೆ ಬಿಟ್ಟರೆ ಆ ದೋಷ ಮೊಮ್ಮಕ್ಕಳಲ್ಲಿ ತಲೆಯೆತ್ತೀತು. ಗರಿಗರಿಗೂ ರಂಗೋಲಿಯ ಎಳೆಯಂತೆ ಕಪ್ಪಂಚು ಕಟ್ಟಿದ ಪುಟ್ಟ ಕೋಳಿಯನ್ನು ಸೃಷ್ಟಿಸಿದ ಸರ್ ಜಾನ್ ಸೆಬ್ರೈಟನ ಸಾಧನೆಯ ಗುಟ್ಟು, ಅವನು ಉಳಿಸಿಕೊಂಡುದಕ್ಕಿಂತ ಹೆಚ್ಚಾಗಿ ತಳ್ಳಿಹಾಕಿದುದರಲ್ಲಿತ್ತೆಂದು ಧಾರಾಳವಾಗಿ ಹೇಳಬಹುದು.

ಹಾಗೆಂದು ಇದನ್ನು ಪರದೇಶದವರ ಹುಚ್ಚೆಂದು ನಾವು ನಗುವಂತಿಲ್ಲ. ಆಂಗ್ಲರು ‘ಇಂಡಿಯನ್ ಗೇಮ್’ ಎಂದು ಮೆರೆಸಿದ ಕಾರ್ನಿಷ್ ಕೋಳಿಯ ಎದೆಗಟ್ಟು ನಮ್ಮ ಅಸೀಲ್ ಹುಂಜದ ರಕ್ತದಿಂದ ಬಂದುದು; ನಾಡಕೋಳಿಗಳೆಲ್ಲದರ ಮೂಲಪುರುಷನೆಂದು ಡಾರ್ವಿನ್ನನು ಗುರುತಿಸಿದ ಕೆಂಪು ಕಾಡುಕೋಳಿ ಇಂದಿಗೂ ಭಾರತದ ಅರಣ್ಯಗಳಲ್ಲಿ ಕೂಗುತ್ತದೆ.

ಆದುದರಿಂದ, ಓದುಗ ಮಹಾಶಯರೆ, ಈ ಮಾರ್ಗವನ್ನು ಹಿಡಿಯುವ ಮನಸ್ಸಿದ್ದರೆ ಮೂರು ಹಕ್ಕಿಗಳನ್ನೂ ಅವುಗಳ ವಂಶಾವಳಿಯನ್ನು ಬರೆದಿಡಲು ಒಂದು ದಾಖಲೆ ಪುಸ್ತಕವನ್ನೂ ಸಂಪಾದಿಸಿಕೊಳ್ಳಿರಿ. ಅದಕ್ಕೂ ಮೊದಲು, ಪ್ರದರ್ಶನಕ್ಕೆ ಸಲ್ಲದ ಬಹುಸಂಖ್ಯಾತರನ್ನು ಸಾರಿನಲ್ಲಿ ಸ್ವೀಕರಿಸುವುದಕ್ಕೆ ಮನೆಯವರ ಒಪ್ಪಿಗೆಯನ್ನು ಪಡೆದಿರಿ.