ಕಾಲ್ಚೆಂಡಾಟದ ಜಾತ್ರೆ: ಅಲ್ಲಿಯೂ ಇಲ್ಲಿಯೂ

ಒಂದು ನಾಡಿನ ಜನರ ಸ್ವಭಾವವನ್ನು ಅರಿಯಬೇಕಾದರೆ ಅಲ್ಲಿಯ ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ನೋಡಿದರೆ ಮಾತ್ರ ಸಾಲದು. ಜನರು ಗುಂಪುಗೂಡಿ ಮೈಮರೆಯುವ ಸ್ಥಳಕ್ಕೆ ಹೋಗಬೇಕು. ನಮ್ಮಲ್ಲಿ ಅಂತಹ ಸ್ಥಳವೆಂದರೆ ಜಾತ್ರೆ. ತೇರಿನ ಹಗ್ಗಕ್ಕೆ ಕೈ ಹಚ್ಚಿದ ಮನುಷ್ಯನು ತನ್ನ ಕಸುಬು, ಸಾಲಸೋಲ, ಮನೆಯ ಚಿಂತೆ ಎಲ್ಲವನ್ನೂ ಅರೆಗಳಿಗೆ ಮರೆತು ಸಾವಿರ ಮಂದಿಯಲ್ಲಿ ಒಬ್ಬನಾಗಿಬಿಡುತ್ತಾನೆ. ಯೂರೋಪು ಖಂಡದಲ್ಲಿ ಈ ಸ್ಥಾನವನ್ನು ಬಹುಮಟ್ಟಿಗೆ ಕಾಲ್ಚೆಂಡಾಟದ ಬಯಲು ಪಡೆದುಕೊಂಡಿದೆ. ನಾವು ಇಂಗ್ಲೆಂಡು, ಜರ್ಮನಿ ದೇಶಗಳಲ್ಲಿ ಸಂಚರಿಸುತ್ತಿದ್ದಾಗ ಅಲ್ಲಿಯ ಬಯಲುಗಳನ್ನು ಕಂಡೆವು. ನಮ್ಮ ದೇಶದ ಕಲ್ಕತ್ತೆಯ ಮತ್ತು ಬೆಂಗಳೂರಿನ ಬಯಲುಗಳನ್ನೂ ಕಂಡಿದ್ದೇವೆ. ಆಟಗಾರರ ಚಾತುರ್ಯವನ್ನು ತೂಗಿನೋಡುವುದು ಬಲ್ಲವರ ಕೆಲಸ. ಆಟವನ್ನು ನೋಡಲು ಬರುವ ಜನರ ವಿಷಯವಾಗಿ ಮಾತ್ರ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಲಿವರ್‌ಪೂಲಿನ ಮಾತು. ಮರ್ಸಿ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿರುವ ಈ ಹಳೆಯ ರೇವುಪಟ್ಟಣದಲ್ಲಿ ಹೆಸರಾಂತ ಕಾಲ್ಚೆಂಡಿನ ಸಂಘಗಳು ಎರಡು. 1878ರಲ್ಲಿ ಹುಟ್ಟಿದ ಎವರ್ಟನ್ ಸಂಘವು ಕೆಲವು ಕಾಲ ಆನ್‌ಫೀಲ್ಡ್ ಎಂಬ ಬಯಲಿನಲ್ಲಿ ಆಡುತ್ತಿತ್ತು. ಬಾಡಿಗೆ ಮೊದಲಾದ ವಿಷಯಗಳಲ್ಲಿ ಬಯಲಿನ ಒಡೆಯನೊಡನೆ ಮನಸ್ತಾಪವುಂಟಾಗಿ 1892ರಲ್ಲಿ ಅದು ಬೇರೆಡೆಗೆ ಹೊರಟುಹೋಗಲು, ತೆರವಾದ ಬಯಲಿಗಾಗಿ ಹೊಸ ಸಂಘವೊಂದನ್ನು ಕಟ್ಟಿದರು. ಅದೇ ಲಿವರ್‌ಪೂಲ್ ಸಂಘ. ಬಾಡಿಗೆಯ ಜಗಳದಿಂದ ಮೊದಲಾದ ಈ ದಾಯಾದಿತನವು ನೂರಮೂವತ್ತು ವರ್ಷಗಳಿಗೂ ಮೀರಿ ನಡೆದುಬಂದಿದೆ. ಒಂದೇ ಮನೆಯಲ್ಲಿ ಅಣ್ಣನು ಕೆಂಪು ಅಂಗಿಯವನು, ತಮ್ಮನು ನೀಲಿ ಅಂಗಿಯವನು. ಒಂದೇ ಮೇಜಿನಲ್ಲಿ ಉಂಡು, ಆಟದ ದಿನ ಮಾತ್ರ ಒಬ್ಬರನ್ನೊಬ್ಬರು ಛೇಡಿಸಿಕೊಳ್ಳುವುದು ಅಲ್ಲಿ ಸಾಮಾನ್ಯ.

ಆಟವು ಮೊದಲಾಗುವುದಕ್ಕೆ ಎರಡು ಮೂರು ಗಂಟೆಗಳ ಮುಂಚೆಯೇ ಜನರು ಮನೆಗಳನ್ನು ಬಿಡುವರು. ಕೆಂಪು ಇಟ್ಟಿಗೆಯ ಸಾಲುಮನೆಗಳ ನಡುವೆ, ಕರಿದ ಮೀನು ಮತ್ತು ಆಲೂಗಡ್ಡೆಯ ವಾಸನೆಯಲ್ಲಿ, ಕೊರಳಿಗೆ ಕೆಂಪು ಉಣ್ಣೆಯ ಪಟ್ಟಿಯನ್ನು ಸುತ್ತಿಕೊಂಡ ಜನಪ್ರವಾಹವು ಒಂದೇ ದಿಕ್ಕಿಗೆ ಹರಿಯುವುದನ್ನು ಕಂಡಾಗ ನಮಗೆ ತೇರಿನ ದಿನದ ರಥಬೀದಿಯ ನೆನಪಾಯಿತು. ಅಜ್ಜನ ಕೈಹಿಡಿದ ಮೊಮ್ಮಗನಿದ್ದಾನೆ; ತಾಯಿಯೊಡನೆ ಬಂದ ಮಗಳಿದ್ದಾಳೆ; ಊರುಗೋಲಿನ ಮುದುಕಿಯೂ ಇದ್ದಾಳೆ. ತಂದೆಯು ಯಾವ ಸಂಘದವನೋ ಮಗನೂ ಅದೇ ಸಂಘದವನು. ಮನೆದೇವರನ್ನು ಬದಲಾಯಿಸದಂತೆ ಅವರು ಸಂಘವನ್ನೂ ಬದಲಾಯಿಸುವುದಿಲ್ಲ.

ಆನ್‌ಫೀಲ್ಡಿನಲ್ಲಿ ಒಂದು ಗೋಲಿನ ಹಿಂದೆ ಎದ್ದುನಿಂತಿರುವ ಪ್ರೇಕ್ಷಕರ ದಿಬ್ಬಕ್ಕೆ ‘ಕಾಪ್’ ಎಂದು ಹೆಸರು. ಈ ಹೆಸರಿನ ಕಥೆಯು ನಮ್ಮವರಿಗೂ ಸಂಬಂಧಪಟ್ಟದ್ದಾಗಿದೆ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ, 1900ರ ಜನವರಿ ತಿಂಗಳಲ್ಲಿ, ಸ್ಪಿಯಾನ್ ಕಾಪ್ ಎಂಬ ಗುಡ್ಡದ ಮೇಲೆ ಘೋರವಾದ ಕಾಳಗವು ನಡೆದು, ಲಿವರ್‌ಪೂಲ್ ಸೀಮೆಯ ಅನೇಕ ಸೈನಿಕರು ಮಡಿದರು. 1906ರಲ್ಲಿ ಬಯಲಿನ ಒಂದು ತುದಿಗೆ ಎತ್ತರವಾದ ದಿಬ್ಬವನ್ನು ಕಟ್ಟಿದಾಗ ಅವರ ನೆನಪಿಗಾಗಿ ಅದಕ್ಕೆ ಆ ಗುಡ್ಡದ ಹೆಸರನ್ನೇ ಇಟ್ಟರು. ಅದೇ ಗುಡ್ಡದಿಂದ ಗಾಯಾಳುಗಳನ್ನು ಡೋಲಿಗಳಲ್ಲಿ ಹೊತ್ತುತಂದವರಲ್ಲಿ ನೆಟಾಲಿನ ಭಾರತೀಯ ಶುಶ್ರೂಷಾದಳದವರೂ ಇದ್ದರು. ಆ ದಳವನ್ನು ಕಟ್ಟಿದವರು, ಆಗ ಅಲ್ಲಿ ವಕೀಲಿ ಮಾಡುತ್ತಿದ್ದ ಮೋಹನದಾಸ ಗಾಂಧಿಯವರು. ಆ ಹೆಸರನ್ನು ಕೂಗುವ ಜನರಲ್ಲಿ ಎಷ್ಟು ಮಂದಿಗೆ ಈ ಸಂಗತಿಯು ತಿಳಿದಿದೆಯೋ ಕಾಣೆವು.

ಆಟಗಾರರು ಬಯಲಿಗಿಳಿಯುವ ಹೊತ್ತಿಗೆ ಆ ದಿಬ್ಬದ ಸಾವಿರಾರು ಮಂದಿ ಕೊರಳಪಟ್ಟಿಗಳನ್ನು ಎರಡು ಕೈಗಳಿಂದ ಮೇಲೆತ್ತಿ ಹಿಡಿದು ಒಂದು ಹಾಡನ್ನು ಹಾಡುತ್ತಾರೆ. ಒಬ್ಬಂಟಿಯಾಗಿ ನೀನೆಂದಿಗೂ ನಡೆಯಲಾರೆ ಎಂಬ ತಾತ್ಪರ್ಯದ ಈ ಹಾಡು 1945ರ ಅಮೆರಿಕದ ಸಂಗೀತನಾಟಕವೊಂದರದು. 1963ರಲ್ಲಿ ಲಿವರ್‌ಪೂಲಿನದೇ ಒಂದು ಗಾಯಕರ ಮೇಳವು ಅದನ್ನು ಹಾಡಿದ ಮೇಲೆ ಈ ಬಯಲಿನದಾಯಿತು. ಮುಂದೆ ನಿಂತು ನಡೆಸುವವರಿಲ್ಲ, ಭಜನೆಯ ಮೇಳದಂತೆ ತಾಳವಿಲ್ಲ. ಆದರೂ ಸ್ವರವು ಕೆಡುವುದಿಲ್ಲ. ಭಾಷೆ ಬಾರದವನಿಗೂ ಮೈ ನವಿರೇಳುವುದು.

ಅಲ್ಲಿ ನಮ್ಮನ್ನು ಹಾಡಿಗಿಂತಲೂ ಹೆಚ್ಚಾಗಿ ಸೆಳೆದದ್ದು ಬೇರೊಂದು. ಬಯಲಿನ ಸುತ್ತಲೂ ಹೊಳೆಯುವ ಬಣ್ಣದ ಕೋಟು ತೊಟ್ಟ ಕಾವಲಿನವರು ನಿಂತಿರುವರು. ಅವರ ಬೆನ್ನು ಆಟದ ಕಡೆಗೆ, ಮುಖ ಜನರ ಕಡೆಗೆ. ಗೋಲು ಬಿದ್ದು ಬಯಲೆಲ್ಲ ಭೋರ್ಗರೆದರೂ ಅವರು ಹಿಂದಿರುಗಿ ನೋಡುವುದಿಲ್ಲ. ನಮ್ಮ ರಥೋತ್ಸವದಲ್ಲಿ ಗಾಲಿಗೆ ಮರದ ತುಂಡನ್ನು ಒಡ್ಡುತ್ತ ತೇರನ್ನು ಹಿಡಿತದಲ್ಲಿಡುವವರನ್ನು ವಾಚಕರು ನೋಡಿರಬಹುದು. ಊರೆಲ್ಲ ತಲೆಯೆತ್ತಿ ಕಳಶವನ್ನು ನೋಡುತ್ತಿದ್ದರೆ ಅವರ ಕಣ್ಣು ಮಾತ್ರ ಗಾಲಿಯ ಮೇಲೆ. ಈ ಕಾವಲಿನವರದೂ ಅಂತಹದೇ ಕೆಲಸ.

ಆದರೆ ಈ ಜಾಗರೂಕತೆಯು ಆಂಗ್ಲರಿಗೆ ಹುಟ್ಟಿನಿಂದ ಬಂದದ್ದಲ್ಲ. ಬಹು ದುಬಾರಿಯಾದ ಬೆಲೆಯನ್ನು ತೆತ್ತು ಪಡೆದದ್ದು. 1989ನೆಯ ಏಪ್ರಿಲ್ 15ರಂದು ಶೆಫೀಲ್ಡ್ ಪಟ್ಟಣದ ಹಿಲ್ಸ್‌ಬರೋ ಬಯಲಿನಲ್ಲಿ ಲಿವರ್‌ಪೂಲಿಗೂ ನಾಟಿಂಗ್‌ಹ್ಯಾಮ್ ಫಾರೆಸ್ಟಿಗೂ ಪಂದ್ಯವಿತ್ತು. ಹೊರಗೆ ಜನರು ಒತ್ತರಿಸಿರಲು ದೊಡ್ಡದೊಂದು ಬಾಗಿಲನ್ನು ತೆರೆದುಬಿಟ್ಟರು. ಒಳಗೆ ಆಗಲೇ ತುಂಬಿಹೋಗಿದ್ದ ಕಟಕಟೆಗಳಿಗೆ ಹೋಗುವ ಸುರಂಗವನ್ನು ಮಾತ್ರ ಮುಚ್ಚಲಿಲ್ಲ. ಮುಂದೆ ಕಬ್ಬಿಣದ ಬೇಲಿ, ಹಿಂದೆ ಜನರ ಒತ್ತು. ಆಟವು ಆರು ನಿಮಿಷಗಳಲ್ಲಿಯೇ ನಿಂತಿತು. ಆ ದುರಂತದಿಂದ ಸತ್ತವರು ಒಟ್ಟು 97 ಮಂದಿ. ಅವರಲ್ಲಿ ಹತ್ತು ವರ್ಷದ ಬಾಲಕನೂ ಇದ್ದನು. ಕುಡಿದ ಜನರದೇ ತಪ್ಪೆಂದು ಮೊದಲು ಸಾರಲಾಯಿತು. ಸತ್ತವರ ತಾಯಿತಂದೆಯರು ಇಪ್ಪತ್ತೇಳು ವರ್ಷಗಳ ಕಾಲ ಬಿಡದೆ ಹೋರಾಡಿದ ಮೇಲೆ, 2016ರಲ್ಲಿ, ಪ್ರೇಕ್ಷಕರದು ಯಾವ ದೋಷವೂ ಇರಲಿಲ್ಲವೆಂದೂ ಆ ಸಾವುಗಳು ಅನ್ಯಾಯದ ವಧೆಗಳೆಂದೂ ಜೂರಿಯವರು ನಿರ್ಣಯಿಸಿದರು. ಮಡಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿ ಆನ್‌ಫೀಲ್ಡಿನಲ್ಲಿ ನಿಲ್ಲಿಸಿರುವರು. ಹೋಗುವವರು ಬರುವವರು ಅಲ್ಲಿ ಹೂವನ್ನಿಟ್ಟು ಒಂದು ನಿಮಿಷ ನಿಲ್ಲುತ್ತಾರೆ, ನಾವೂ ನಿಂತೆವು.

ಆ ದುರಂತದ ತರುವಾಯ ನ್ಯಾಯಾಧೀಶ ಟೇಲರರು 1990ರಲ್ಲಿ ಒಪ್ಪಿಸಿದ ವರದಿಯಂತೆ ಇಂಗ್ಲೆಂಡಿನ ದೊಡ್ಡ ಬಯಲುಗಳಲ್ಲಿ ನಿಂತು ನೋಡುವುದನ್ನು ನಿಲ್ಲಿಸಿ, ಪ್ರತಿಯೊಬ್ಬನಿಗೂ ಸಂಖ್ಯೆಯುಳ್ಳ ಆಸನವನ್ನು ಕೊಡಲಾಯಿತು. ಇಪ್ಪತ್ತೈದು ಸಾವಿರಕ್ಕೂ ಮಿಕ್ಕು ಜನರು ನಿಲ್ಲುತ್ತಿದ್ದ ಕಾಪ್ ದಿಬ್ಬವು 1994ರಲ್ಲಿ ಆಸನಗಳ ಅಂಕಣವಾಯಿತು. ಹಿಂದಿನ ಗದ್ದಲವು ಅಳಿಯಿತೆಂದೂ, ಚೀಟಿಯ ಬೆಲೆಯೇರಿ ಬಡವರು ಹೊರಗುಳಿದರೆಂದೂ ಹಳಬರು ಕೊರಗುವುದುಂಟು. ಆ ಕೊರಗಿನಲ್ಲಿ ಸತ್ಯವಿಲ್ಲದಿಲ್ಲ.

ಕ್ಷೇಮವನ್ನು ಕಾದುಕೊಂಡೂ ಗದ್ದಲವನ್ನು ಉಳಿಸಿಕೊಳ್ಳಬಹುದೆಂಬುದನ್ನು ಜರ್ಮನಿಯ ಡಾರ್ಟ್‌ಮುಂಡಿನಲ್ಲಿ ಕಂಡೆವು. ಕಲ್ಲಿದ್ದಲಿಗೂ ಉಕ್ಕಿಗೂ ಹೆಸರಾಗಿದ್ದ ಈ ಪಟ್ಟಣದ ಬಯಲು ಎಂಬತ್ತು ಸಾವಿರಕ್ಕೂ ಮಿಕ್ಕು ಜನರನ್ನು ಹಿಡಿಯುವುದು. ಅದರ ದಕ್ಷಿಣ ದಿಬ್ಬದಲ್ಲಿ ಸುಮಾರು ಇಪ್ಪತ್ತೈದು ಸಾವಿರ ಮಂದಿ ಹಳದಿ ಉಡುಪಿನಲ್ಲಿ ನಿಂತೇ ನೋಡುತ್ತಾರೆ. ಅದನ್ನು ‘ಹಳದಿ ಗೋಡೆ’ ಎಂದು ಕರೆಯುವುದು ಸಾರ್ಥಕವಾಗಿದೆ. ಒತ್ತಡವು ಒಂದೆಡೆಗೆ ಬೀಳದಂತೆ ಅಲ್ಲಲ್ಲಿ ಉಕ್ಕಿನ ಅಡ್ಡಗಂಬಿಗಳಿವೆ. ನಿಲ್ಲುವವರ ಚೀಟಿಗೆ ಬೆಲೆ ಕಡಿಮೆ. ಆ ದೇಶದ ಅನೇಕ ಸಂಘಗಳಲ್ಲಿ ಆಟದ ಚೀಟಿಯೇ ಊರಿನ ರೈಲು ಟ್ರಾಮುಗಳಿಗೂ ಸಲ್ಲುವುದರಿಂದ ಜನರು ಚೆಲ್ಲಾಪಿಲ್ಲಿಯಾಗದೆ ಮನೆ ಸೇರುತ್ತಾರೆ. 2022ರಿಂದ ಇಂಗ್ಲೆಂಡಿನವರೂ ಇಂತಹ ಕಂಬಿಗಳ ಏರ್ಪಾಡಿನಲ್ಲಿ ನಿಂತು ನೋಡುವುದಕ್ಕೆ ಮರಳಿ ಅವಕಾಶವಿತ್ತಿದ್ದಾರೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಕಾಲ್ಚೆಂಡಿನ ಹುಚ್ಚಿನಲ್ಲಿ ಕಲ್ಕತ್ತೆಯು ಯಾವ ಪಟ್ಟಣಕ್ಕೂ ಸೋಲುವುದಲ್ಲ. 1911ನೆಯ ಜುಲೈ 29ರಂದು ಮೋಹನ್ ಬಗಾನ್ ಸಂಘದವರು, ಒಬ್ಬನ ಹೊರತು ಉಳಿದವರೆಲ್ಲ ಬರಿಗಾಲಿನಲ್ಲಿ ಆಡಿ, ಆಂಗ್ಲ ಸೈನಿಕರ ತಂಡವನ್ನು ಸೋಲಿಸಿದ ಕಥೆಯು ಅಲ್ಲಿಯ ಮನೆಮನೆಯ ಮಾತು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಸಂಘವು ಪೂರ್ವ ಬಂಗಾಳದಿಂದ ಬಂದವರ ಅಭಿಮಾನಕ್ಕೆ ಪಾತ್ರವಾಯಿತು. ಇವೆರಡರ ಹಗೆಯು ಅಡಿಗೆಮನೆಯನ್ನೂ ಹೊಕ್ಕಿದೆ: ಈಸ್ಟ್ ಬೆಂಗಾಲ್ ಗೆದ್ದರೆ ಇಲೀಶ್ ಮೀನು, ಮೋಹನ್ ಬಗಾನ್ ಗೆದ್ದರೆ ಸೀಗಡಿ. 1997ರ ಜುಲೈ 13ರಂದು ಇವರಿಬ್ಬರ ಪಂದ್ಯಕ್ಕೆ ಸಾಲ್ಟ್ ಲೇಕ್ ಬಯಲಿನಲ್ಲಿ ಸುಮಾರು 1,31,000 ಜನರು ನೆರೆದಿದ್ದರು. ಅಲ್ಲಿಯೂ ಸಾವಿನ ನೆರಳು ಇಲ್ಲದಿಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್ ಬಯಲಿನಲ್ಲಿ ಇವೇ ಎರಡು ತಂಡಗಳ ಪಂದ್ಯದಲ್ಲಿ ಹೊಡೆದಾಟವೆದ್ದು, ಕಾಲ್ತುಳಿತದಲ್ಲಿ 16 ಮಂದಿ ಅಸುನೀಗಿದರು.

ನಮ್ಮ ಬೆಂಗಳೂರಿನ ಆಟವೂ ಹಳೆಯದೇ. ದಂಡುಪ್ರದೇಶದ ಸೈನಿಕರಿಂದ ಕಲಿತ ಆಟವನ್ನು ಹಲಸೂರು, ಆಸ್ಟಿನ್ ಟೌನ್ ಮೊದಲಾದ ಕೇರಿಗಳ ಹುಡುಗರು ತಮ್ಮದಾಗಿ ಮಾಡಿಕೊಂಡರು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡವು, ಅದುವರೆಗೆ ಸೈನಿಕರ ತಂಡಗಳ ಸೊತ್ತಾಗಿದ್ದ ಆ ಕಪ್ಪನ್ನು ಪಡೆದ ಮೊದಲನೆಯ ಭಾರತೀಯ ಸಂಘ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕಮಾತ್ರ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ನರು ಮೈಸೂರಿನ ಆಟಗಾರರು. ಹಲಸೂರಿನ ಬಳಿಯ ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯು ಇಂದಿಗೂ ಇದೆ. ಆ ಕೇರಿಯನ್ನು ‘ಪುಟ್ಟ ಬ್ರೆಜಿಲ್’ ಎಂದೇ ಕರೆಯುವರು.

2013ರಲ್ಲಿ ಬೆಂಗಳೂರು ಎಫ್.ಸಿ. ಸಂಘವು ಹುಟ್ಟಿ ಮೊದಲನೆಯ ವರ್ಷವೇ ಐ-ಲೀಗನ್ನು ಗೆದ್ದ ಮೇಲೆ ಕಂಠೀರವ ಕ್ರೀಡಾಂಗಣದಲ್ಲಿ ಹೊಸ ಜನಸ್ತೋಮವೊಂದು ಬೆಳೆಯಿತು. ಪಶ್ಚಿಮದ ಅಂಕಣದಲ್ಲಿ ನೀಲಿ ಅಂಗಿಯ ತರುಣ ತರುಣಿಯರು ನಗಾರಿ ಹೊಡೆಯುತ್ತ ಇಡೀ ತೊಂಬತ್ತು ನಿಮಿಷ ನಿಂತೇ ಹಾಡುವುದನ್ನು ನಾವು ನೋಡಿದ್ದೇವೆ. ಕನ್ನಡ, ತಮಿಳು, ಇಂಗ್ಲಿಷುಗಳೆಲ್ಲ ಆ ಕೂಗಿನಲ್ಲಿ ಬೆರೆತಿರುವುವು. ಆಟಗಾರರಿಗೂ ಜನರಿಗೂ ನಡುವೆ ಓಟದ ಪಥವು ಅಗಲವಾಗಿ ಹಾಸಿಕೊಂಡಿರುವುದರಿಂದ ಆನ್‌ಫೀಲ್ಡಿನ ಹಾಗೆ ಆಟಗಾರನ ಉಸಿರು ಕೇಳಿಸುವುದಿಲ್ಲ. ಆದರೂ 2016ರ ಅಕ್ಟೋಬರ್ 19ರ ರಾತ್ರಿ ಮಲೇಶಿಯದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ, ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೇರಿದ ಮೊದಲನೆಯ ಭಾರತೀಯ ಸಂಘವಾದಾಗ ಎದ್ದ ಘೋಷವು ಯಾವ ದೇಶದ ಬಯಲಿಗೂ ಒಪ್ಪುವಂತಹದು.

ಹಾಗಾದರೆ ನಮಗೂ ಅವರಿಗೂ ಇರುವ ಅಂತರವೇನು? ಉತ್ಸಾಹದಲ್ಲಿ ಅಂತರವಿಲ್ಲ. ನಿತ್ಯತೆಯಲ್ಲಿದೆ. ಅಲ್ಲಿಯ ಜನರು ಸೋಲುವ ತಂಡವನ್ನು ನೋಡಲು ಮಳೆಯಲ್ಲಿಯೂ ಹೋಗುವರು; ನಮ್ಮಲ್ಲಿ ಅನೇಕರು ನಡುರಾತ್ರಿಯವರೆಗೆ ಎಚ್ಚರವಿದ್ದು ಲಿವರ್‌ಪೂಲಿನ ಆಟವನ್ನು ಟೆಲಿವಿಷನ್ನಿನಲ್ಲಿ ನೋಡುವರೇ ಹೊರತು ತಮ್ಮ ಬೀದಿಯ ಬಯಲಿಗೆ ಹೋಗರು. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತ ತಂಡದ ಆಟವನ್ನು ನೋಡಲು ಬಂದವರು ಮೂರು ಸಾವಿರವೂ ಇರಲಿಲ್ಲ. ನಾಯಕ ಸುನಿಲ್ ಛೇತ್ರಿಯವರು ಮರುದಿನ, ನಮ್ಮನ್ನು ಬೈಯಿರಿ, ಟೀಕಿಸಿರಿ, ಆದರೆ ಬಯಲಿಗೆ ಬನ್ನಿರಿ ಎಂಬರ್ಥದಲ್ಲಿ ಜನರನ್ನು ಬೇಡಿಕೊಂಡರು. ಜೂನ್ 4ರಂದು ಕೀನ್ಯದೊಡನೆ ನಡೆದ ಪಂದ್ಯಕ್ಕೆ ಚೀಟಿಗಳೆಲ್ಲ ಮಾರಿಹೋದವು. ಕರೆದರೆ ಬರುವ ಜನರು ನಮ್ಮವರು. ಕರೆಯದೆಯೂ ಬರುವುದು ಇನ್ನೂ ಅಭ್ಯಾಸವಾಗಬೇಕು. 2023ರಲ್ಲಿ ಕರ್ನಾಟಕವು 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆದರೆ ಅಂತಿಮ ಪಂದ್ಯವು ನಡೆದದ್ದು ಸೌದಿ ಅರೇಬಿಯದ ರಿಯಾದಿನಲ್ಲಿ. ಗೆದ್ದ ಹುಡುಗರ ನೆರೆಹೊರೆಯವರಿಗೆ ಆ ಗೆಲವನ್ನು ಕಣ್ಣಾರೆ ಕಂಡು ಕೂಗುವ ಭಾಗ್ಯವಿರಲಿಲ್ಲ.

ಎರಡನೆಯ ಅಂತರವು ಇದಕ್ಕಿಂತಲೂ ಗುರುತರವಾದದ್ದು. ಕಂಠೀರವದಿಂದ ಕಾಲ್ನಡಿಗೆಯ ದೂರದಲ್ಲಿರುವ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಮುಂದೆ, 2025ರ ಜೂನ್ 4ರಂದು, ಕ್ರಿಕೆಟ್ ತಂಡವೊಂದರ ವಿಜಯೋತ್ಸವಕ್ಕೆ ಬಂದ ಜನರಲ್ಲಿ 11 ಮಂದಿ ನೂಕುನುಗ್ಗಲಿನಲ್ಲಿ ಸತ್ತರು. ಆಟವು ಬೇರೆ, ಜನಸಮೂಹದ ಸ್ವಭಾವವು ಒಂದೇ. ಸಂತೋಷಪಡಲು ಮನೆಯಿಂದ ಹೊರಟ ಮಕ್ಕಳು ಹಿಂದಿರುಗಲಿಲ್ಲ. ಹಿಲ್ಸ್‌ಬರೋದಲ್ಲಿ ಬಾಗಿಲು ತೆರೆದದ್ದು ಮುಳುವಾಯಿತು. ಬೆಂಗಳೂರಿನಲ್ಲಿ ಬಾಗಿಲ ಮುಂದಿನ ಒತ್ತೇ ಮುಳುವಾಯಿತು. ಎಷ್ಟು ಜನರು ಬರುವರು, ಯಾವ ದಾರಿಯಿಂದ ಬರುವರು, ಒಳಗೆ ಎಷ್ಟು ಮಂದಿಗೆ ಸ್ಥಳವಿದೆ ಎಂಬ ಲೆಕ್ಕವು ಮುಂಚಿತವಾಗಿ ಇಲ್ಲದಿದ್ದರೆ ಜನರ ಪ್ರೀತಿಯೇ ಜನರನ್ನು ಕೊಲ್ಲುವುದು.

ಆದುದರಿಂದ ಹೊರನಾಡಿನಿಂದ ನಾವು ಕಲಿಯಬೇಕಾದದ್ದು ಹಾಡನ್ನಲ್ಲ; ಹಾಡು ನಮಗೆ ಬೇಕಾದಷ್ಟಿದೆ. ಗೃಹಸ್ಥರು ತಿಂಗಳಿಗೊಮ್ಮೆಯಾದರೂ ಮಕ್ಕಳ ಕೈಹಿಡಿದು ತಮ್ಮ ಊರಿನ ಆಟಕ್ಕೆ ಹೋಗಲಿ. ತಂದೆತಾಯಿಯರೊಡನೆ ಬೆಳೆದ ಅಭಿಮಾನವು ಸೋಲಿಗೆ ಬಾಡುವುದಿಲ್ಲ. ಅಂಕಣವನ್ನು ಹೊಕ್ಕೊಡನೆ ಹೊರಹೋಗುವ ದಾರಿಯೆಲ್ಲಿದೆಯೆಂದು ಮಕ್ಕಳಿಗೆ ತೋರಿಸಿಕೊಡಲಿ. ಆಟವನ್ನು ಏರ್ಪಡಿಸುವವರು ಅಲಂಕಾರದ ದೀಪಗಳಿಗಿಂತ ಮೊದಲು ಬಾಗಿಲುಗಳನ್ನು ನೋಡಲಿ. ತೇರನ್ನು ಎಳೆಯುವ ಕೈಗಳಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಗಾಲಿಯ ಮೇಲೆ ಕಣ್ಣಿಟ್ಟು ನಿಲ್ಲುವವರು ಇನ್ನಷ್ಟು ಮಂದಿ ಬೇಕು.