ಚೆಂಡಿಲ್ಲದವರ ಆಟ

ಆಟವನ್ನು ನೋಡುವವರ ಕಣ್ಣು ಸಾಮಾನ್ಯವಾಗಿ ಚೆಂಡಿನ ಹಿಂದೆಯೇ ಹೋಗುವುದು. ಅದು ತಪ್ಪೆಂದು ಹೇಳಲಾಗದು. ಆದರೆ ಆ ಕಣ್ಣಿಗೆ ಕಾಣದೆ ಉಳಿಯುವುದೂ ಬಹಳ. ವಿಜಯನಗರದ ಗೃಹಸ್ಥರೊಬ್ಬರು ಇದನ್ನು ಅರಿತುದು ತಮ್ಮ ಮಗಳ ನಿಮಿತ್ತವಾಗಿ.

ಮಗಳು ಕಾಲೇಜಿನ ಹ್ಯಾಂಡ್‌ಬಾಲ್ ತಂಡದಲ್ಲಿ ಆಡುವವಳು. ತಂದೆ ಎಳೆತನದಲ್ಲಿ ಕಬಡ್ಡಿಯಾಡಿದವರು. ಎದುರಾಳಿಗಳ ಅಂಗಳಕ್ಕೆ ಒಬ್ಬನೇ ನುಗ್ಗಿ, ಮುಟ್ಟಿ, ಉಸಿರು ಬಿಡದೆ ಮರಳುವವನೇ ಅವರ ದೃಷ್ಟಿಯಲ್ಲಿ ವೀರ. ಎರಡು ಆಟಗಳಲ್ಲಿಯೂ ಪಕ್ಷಕ್ಕೆ ಏಳು ಮಂದಿಯೇ. ಆದರೆ ಮೂರು ಪಂದ್ಯಗಳು ಕಳೆದರೂ ಮಗಳ ಹೆಸರಿನ ಮುಂದೆ ಒಂದು ಗೋಲೂ ಇಲ್ಲ! "ನೂಕಿಸಿಕೊಂಡು ನಿಲ್ಲುವುದಕ್ಕೆ ಇಷ್ಟು ಶ್ರಮವೇಕಮ್ಮ? ಪರೀಕ್ಷೆಗೆ ಓದಿಕೊ" ಎಂದುಬಿಟ್ಟರು. ಮಗಳು ಮರುಮಾತಾಡದೆ ಒಳಗೆ ಹೋದಳು. ಮೂರು ದಿನ ಮನೆಯಲ್ಲಿ ಮಾತು ಸಾಗಲಿಲ್ಲ. ನಾಲ್ಕನೆಯ ದಿನ, ಮನೆಯಾಕೆಯ ಒತ್ತಾಯಕ್ಕಾಗಿ, ಅವರು ಕೆಂಗೇರಿಯ ಕಡೆ ನಡೆದ ಪಂದ್ಯವೊಂದಕ್ಕೆ ಹೋದರು.

ಈ ಆಟ ಹೊಸದೇನಲ್ಲ. ಡೆನ್ಮಾರ್ಕಿನ ಉಪಾಧ್ಯಾಯ ಹೋಲ್ಗರ್ ನೀಲ್ಸನ್ನರು 1906ರಲ್ಲಿಯೇ ಇದಕ್ಕೆ ನಿಯಮಗಳನ್ನು ಪ್ರಕಟಿಸಿದ್ದರು. ಏಳು ಮಂದಿಯ ಆಟಕ್ಕೆ 1972ರಲ್ಲಿ ಮ್ಯೂನಿಕ್ಕಿನ ಒಲಿಂಪಿಕ್ಸಿನಲ್ಲಿಯೂ 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿಯೂ ಸ್ಥಾನ ದೊರೆಯಿತು. ಅಂಕಣ 40 ಮೀಟರು ಉದ್ದ, 20 ಮೀಟರು ಅಗಲ. ಗೋಲಿನ ಮುಂದಿನ 6 ಮೀಟರಿನ ಗೆರೆಯೊಳಗೆ ಗೋಲ್‌ಕೀಪರಲ್ಲದೆ ಮತ್ತಾರೂ ಕಾಲೂರಕೂಡದು. ಚೆಂಡನ್ನು ಹಿಡಿದು 3 ಹೆಜ್ಜೆಗಿಂತ ಹೆಚ್ಚು ಇಡಕೂಡದು. 3 ಸೆಕೆಂಡಿಗಿಂತ ಹೆಚ್ಚು ಕೈಯಲ್ಲಿಟ್ಟುಕೊಳ್ಳಕೂಡದು. ಇಂತಹ ಕಟ್ಟಿನಲ್ಲಿ ಒಂಟಿ ವೀರನಿಗೆ ಎಡೆಯೆಲ್ಲಿ?

ಪಕ್ಕದಲ್ಲಿ ಕುಳಿತಿದ್ದ ವೃದ್ಧ ತರಬೇತುದಾರರೊಬ್ಬರು, "ಚೆಂಡನ್ನು ಬಿಟ್ಟು ನಿಮ್ಮ ಮಗಳ ಕಾಲುಗಳನ್ನು ನೋಡಿ, ಸ್ವಾಮಿ" ಎಂದರು.

ನೋಡಿದರು. ಗೆರೆಯ ಮುಂದೆ ಎದುರುಪಕ್ಷದ ಆರು ಮಂದಿ ಗೋಡೆಯಂತೆ ನಿಂತಿದ್ದರು. ಚೆಂಡು ಹಿಡಿದವಳು ಇಬ್ಬರ ನಡುವಣ ಸಂದಿಗೆ ನುಗ್ಗುವಳು. ತಡೆಯಲು ಇಬ್ಬರೂ ಒಳಸರಿಯುವರು. ಅಷ್ಟರಲ್ಲಿ ಚೆಂಡು ಪಕ್ಕದವಳ ಕೈ ಸೇರುವುದು. ಅವಳಾದರೋ ನಿಂತು ಕಾಯುವುದಿಲ್ಲ, ಮುಂದಿನ ಸಂದಿಗೆ ಆಗಲೇ ಓಡುತ್ತಿರುವಳು. ಹೀಗೆ ಗೋಡೆ ಒಂದೊಂದು ಹೆಜ್ಜೆಯಾಗಿ ಒಂದೇ ಕಡೆಗೆ ಎಳೆಯಲ್ಪಟ್ಟು, ಕೊನೆಗೆ ಅಂಚಿನಲ್ಲಿ ಒಬ್ಬಳು ಒಂಟಿಯಾಗಿ ಉಳಿಯುವಳು. ಮಗಳು ಪಿವಟ್, ಗೋಡೆಯ ನಡುವೆಯೇ ಗೋಲಿಗೆ ಬೆನ್ನು ಕೊಟ್ಟು ನಿಲ್ಲುವವಳು. ಒಮ್ಮೆ ಅವಳು ಎರಡು ಹೆಜ್ಜೆ ಎಡಕ್ಕೆ ಸರಿದು ಊರಿ ನಿಂತಳು. ರಕ್ಷಿಸುವವಳೊಬ್ಬಳು ಅವಳ ಬೆನ್ನ ಹಿಂದೆ ಸಿಕ್ಕಿಕೊಂಡಳು. ತೆರೆದ ದಾರಿಯಲ್ಲಿ ಗೆಳತಿ ನೆಗೆದು ಗೋಲು ಹೊಡೆದಳು. ಜನ ಗೆಳತಿಯ ಹೆಸರನ್ನು ಕೂಗಿದರು. ಕೆಳಗೆ ಬಿದ್ದಿದ್ದ ಮಗಳು ಮೊಳಕೈಯನ್ನು ಒರಸಿಕೊಂಡು ಎದ್ದಳು.

ಕೊನೆಯ ನಿಮಿಷದಲ್ಲಿ ಒಂದು ಗೋಲಿನ ಹಿನ್ನಡೆ. ಆಕ್ರಮಣ ತಡವಾಯಿತೆಂದು ತೀರ್ಪುಗಾರರು ಕೈಯೆತ್ತಿದರು. 2022ರಿಂದ ಬಂದ ನಿಯಮದಂತೆ ಇನ್ನು 4 ಪಾಸುಗಳೊಳಗೆ ಗೋಲಿಗೆ ಎಸೆಯಲೇಬೇಕು. ಮೂರನೆಯದು ಮಗಳ ಕೈಗೆ ಬಂದಿತು. ತಂದೆ ಎದ್ದು ನಿಂತರು. ಅವಳು ಎಸೆಯಲಿಲ್ಲ, ಚೆಂಡನ್ನು ಅಂಚಿನವಳಿಗೆ ಕೊಟ್ಟಳು. ಅದು ಕಂಬಕ್ಕೆ ಬಡಿದು ಸಿಡಿಯಿತು. ಪಂದ್ಯ ಹೋಯಿತು.

ಮರಳುವಾಗ ಮೆಟ್ರೋ ರೈಲಿನಲ್ಲಿ ತಂದೆ ಮೆಲ್ಲನೆ ಕೇಳಿದರು: "ಆ ಚೆಂಡನ್ನು ನೀನೇ ಎಸೆಯಬಹುದಾಗಿತ್ತಲ್ಲವೇನಮ್ಮ?"

"ನನ್ನ ಮೈಮೇಲೆ ಇಬ್ಬರಿದ್ದರಪ್ಪ. ಇಬ್ಬರು ನನ್ನ ಹತ್ತಿರವಿದ್ದರೆ ಅಲ್ಲಿ ಅವಳೊಬ್ಬಳೇ ಇರಬೇಕಲ್ಲವೆ? ನಾಳೆಯೂ ಅವಳಿಗೇ ಕೊಡುತ್ತೇನೆ."

ತಂದೆ ಉತ್ತರ ಹೇಳಲಿಲ್ಲ. ತರಚಿದ ಮೊಳಕೈಗೆ ತಮ್ಮ ಕರವಸ್ತ್ರವನ್ನು ಕಟ್ಟಿದರು.

ರಾತ್ರಿ ತಾಯಿ, "ಯಾರು ಗೆದ್ದರು?" ಎಂದು ಕೇಳಿದರು. ತಂದೆ ಅದನ್ನು ಹೇಳುವ ಬದಲು ಆರು ಲೋಟಗಳನ್ನು ಸಾಲಾಗಿ ಇಟ್ಟು, ನಡುವೆ ಏಳನೆಯದೊಂದನ್ನು ನಿಲ್ಲಿಸಿ, "ನಮ್ಮ ಮಗು ನಿಲ್ಲುವುದು ಇಲ್ಲಿ" ಎಂದರು.

ಮಗಳು ನಗುತ್ತ ಬಂದು ಆ ಲೋಟವನ್ನು ಎರಡಂಗುಲ ಎಡಕ್ಕೆ ಸರಿಸಿದಳು.